ಏಳನೇ ವರಸೆಯ ಇಟ್ಟಿಗೆ

ಪೀಣ್ಯ ಎರಡನೇ ಹಂತ. ಲೇತು ಮಿಷನ್ನುಗಳ ಸದ್ದಿನ ನಡುವೆ
ನಮ್ಮ ಲ್ಯಾಬು. ಮೆಟ್ರೋ ಹಾದಾಗಲೆಲ್ಲ
ತಕ್ಕಡಿಯ ಕೊನೆಯ ಅಂಕಿ ನಡುಗುತ್ತದೆ.
ರೈಲು ಹೋಗಲಿ ಎಂದು ಕಾದು, ಆಮೇಲೆ ತೂಕ ಬರೆಯುತ್ತೇನೆ.

ಮಂಗಳವಾರ ಮರದ ಪೆಟ್ಟಿಗೆ ಬಂತು, ಬಳ್ಳಾರಿ ಕಡೆಯಿಂದ.
ಹೊಟ್ಟಿನೊಳಗೆ, ಬಾಣಂತಿಯ ಹಾಗೆ ತಲೆಗೂ ಕಿವಿಗೂ ಸುತ್ತಿಸಿಕೊಂಡ
ಇಂಗಾಲದ ಕರಿ ಇಟ್ಟಿಗೆಗಳು,
ಊದುಕುಲುಮೆಯನ್ನು ಆರಿಸಿ, ತಣಿಸಿ, ತಳ ಕೊರೆದು ತೆಗೆದವು.
ಹನ್ನೊಂದು ವರ್ಷ ಬೆಂಕಿಗೆ ಮುಖ,
ತಣ್ಣೀರ ಕೊಳವೆಗೆ ಬೆನ್ನು.
ಇಪ್ಪತ್ತು ಬಾಳಬೇಕಿತ್ತು.
ಜೊತೆಗೊಂದು ಫಾರಂ. ಕೊನೆಯ ಕಾಲಂ: ಯಾರ ತಪ್ಪು.
ಹಾಗೆಂದು ಅಚ್ಚಾಗಿರಲಿಲ್ಲ, 'ಮೂಲ ಕಾರಣ' ಅಂತಿತ್ತು.

ವಜ್ರದ ಬ್ಲೇಡಿನಡಿ ಸೀಳಿದೆ.
ಬೆಂಕಿಯ ಕಡೆ, ಉಳಿದಷ್ಟು ಗಟ್ಟಿ.
ನೀರಿನ ಕಡೆ ಹೊಸದರಂತೆ, ಬರೆದ ನಂಬರು ಕೂಡ ಅಳಿಸಿಲ್ಲ.
ನಡುವೆ ನಾಲ್ಕು ಬೆರಳಗಲ
ಮುಟ್ಟಿದರೆ ಉದುರುತ್ತದೆ,
ಹುಚ್ಚೆಳ್ಳಿನ ಪುಡಿಯ ಹಾಗೆ.

ಸೂಕ್ಷ್ಮದರ್ಶಕದಲ್ಲಿ ಬಿರುಕು. ಬಿರುಕಿನಲ್ಲಿ ಬಿಳುಪು.
ಸತು; ಮತ್ತೆ ಪೊಟ್ಯಾಸಿಯಂ,
ಮುಸುರೆ ತಿಕ್ಕುವ ಬೂದಿಯಲ್ಲಿ ಇರುವುದೇ.
ಅದಿರಿನ ಜೊತೆ, ಕೋಕಿನ ಜೊತೆ ಟಿಕೆಟ್ಟಿಲ್ಲದೆ ಹತ್ತಿ
ಆವಿಯಾಗಿ ಗೋಡೆಯೊಳಗೆ ನುಸುಳಿ
ತೀರ ಬಿಸಿಯಲ್ಲಿ ನಿಲ್ಲದೆ, ತಣ್ಣಗಿದ್ದಲ್ಲಿಗೆ ಹೋಗದೆ
ಎಂಟುನೂರು ಡಿಗ್ರಿ ಸಿಕ್ಕಲ್ಲಿ ಇಳಿದಿದೆ. ಅಲ್ಲೇ ಸಂಸಾರ.
ಊದಿದೆ. ಒಳಗಿನಿಂದ ಒಡೆದಿದೆ.

ನಡು ಬಿರಿದರೆ ಶಾಖ ನೀರಿಗೆ ದಾಟದು.
ದಾಟದಿದ್ದರೆ ಮುಖದ ಮೇಲೆ ಹೆಪ್ಪು ನಿಲ್ಲದು.
ಕಬ್ಬಿಣದಿಂದ ಗೋಡೆಯನ್ನು ಕಾಯುವುದು
ಗೋಡೆಗಂಟಿ ಗಟ್ಟಿಯಾದ ಕಬ್ಬಿಣವೇ;
ಅದು ಕಳಚಿದ ದಿನ
ಇಂಗಾಲಕ್ಕೆ ಹಸಿದ ದ್ರವ
ಕಾಫಿ ಸಕ್ಕರೆಯನ್ನು ಕರಗಿಸಿದ ಹಾಗೆ ಇಟ್ಟಿಗೆಯನ್ನು ಕರಗಿಸುತ್ತದೆ.
ಬಿರುಕಿನ ಹಿಂದೆ ಕೂತ ಥರ್ಮೋಕಪಲ್ಲು ಮಾತ್ರ
ತಿಂಗಳುಗಟ್ಟಲೆ ವರದಿ ಒಪ್ಪಿಸಿತ್ತು:
ತಣ್ಣಗಿದೆ, ಎಲ್ಲ ತಣ್ಣಗಿದೆ.

ಗುರುವಾರ ಲೂರ್ದುಸ್ವಾಮಿ ಬಂದರು,
ಲಿಂಗರಾಜಪುರದಿಂದ ಎರಡು ಬಸ್ಸು ಬದಲಿಸಿ.
ಎಪ್ಪತ್ತೊಂದು ವಯಸ್ಸು. ಆ ತಳ ಜೋಡಿಸಿದ ಗಾರೆಮೇಸ್ತ್ರಿ.
ಕೂರಲಿಲ್ಲ. ಇಟ್ಟಿಗೆಯ ಓರೆ ಸವರಿ
'ಏಳನೇ ವರಸೆ,' ಅಂದರು,
ನಾನಿನ್ನೂ ಚೀಟಿ ಹುಡುಕುತ್ತಿದ್ದೆ.
'ಸಂದೀಲಿ ಪೋಸ್ಟ್‌ಕಾರ್ಡ್ ಹೋಗಬಾರದು ಅಂತ ರೂಲು ಮೇಡಂ.
ನಾನು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹಾಕಿ ನೋಡ್ತಿದ್ದೆ.
ಈಗ ಕೈಕೆಲಸ ಸರಿಯಿಲ್ಲ ಅಂತಾರೆ.'

ಅಂಟಿಕೊಂಡೇ ಬಂದಿದ್ದ ಎರಡು ತುಂಡಿನ ಸಂದಿಗೆ
ಗೇಜಿನ ಅತಿ ತೆಳುವಾದ ಎಲೆ ಹಿಡಿದೆ.
ಹೋಗಲಿಲ್ಲ. ಬಾಗಿತು.
'ಮತ್ತೆ ಎಲ್ಲಿ ಹೋಯ್ತು?'
ನಡುವಿನ ಪುಡಿ ತೋರಿಸಿದೆ.
ಚಿಟಿಕೆ ತೆಗೆದು ಹೊಸಕಿ, ಮೂಸಿ,
ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.
'ಇಲ್ಲಿಗೆ ನನ್ನ ಕರಣೆ ಮುಟ್ಟಲ್ಲ.'

ಕರೆಂಟು ಹೋಯಿತು. ಯುಪಿಎಸ್ ಕಿರುಚಿತು.
ಕತ್ತಲಲ್ಲಿ ಇಬ್ಬರೂ ಇಟ್ಟಿಗೆಯ ಹತ್ತಿರ ನಿಂತಿದ್ದೆವು,
ಯಾರೋ ಮಲಗಿದ್ದಾರೆ ಎಂಬಂತೆ, ಮಾತಿಲ್ಲದೆ.
ಬೆಳಕು ಬಂದ ಮೇಲೆ ಬರೆದೆ:
ಜೋಡಣೆಯಲ್ಲಿ ದೋಷ ಕಂಡಿಲ್ಲ.
'ಮೂಲ ಕಾರಣ'ದ ಮನೆ ಚಿಕ್ಕದು.
ಅಷ್ಟರಲ್ಲಿ ಆವಿ ಹಿಡಿಸಲಿಲ್ಲ, ಹಿಂಬದಿಗೆ ಮುಂದುವರಿಸಿದೆ.

ಗೇಟಿನ ಹೆಬ್ಬೆಟ್ಟಿನ ಯಂತ್ರ ಮೂರು ಸಲ ಅವರನ್ನು ಒಪ್ಪಲಿಲ್ಲ.
ಬೆರಳ ಗೆರೆಗಳು ಯಾವ ಯಾವ ಕುಲುಮೆಯ ತಳದಲ್ಲೋ.
ವಾಚ್‌ಮನ್ ರಿಜಿಸ್ಟರು ಸರಿಸಿ
ದಾರ ಕಟ್ಟಿದ ಪೆನ್ಸಿಲು ಕೊಟ್ಟ.
ತಮಿಳಿನಲ್ಲಿ ಹೆಸರು ಬರೆದರು, ಒತ್ತಿ ಒತ್ತಿ,
ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಏನೂ ಹೋಗದಂತೆ.
ರೈಲು ಹಾದಿತು. ಮೇಜು ಅಲುಗಿತು.
ಕಾದರು.
ಆಮೇಲೆ ಟೈಮು ಬರೆದರು.